ಮನಸ್ಸಿನ ವಿಜ್ಞಾನ ಮತ್ತು ಕೇರಿಯ ಮನಸ್ಸು

ಮನೋವಿಜ್ಞಾನದ ಪಿತಾಮಹ ಯಾರು? ವಿಲ್ಹೆಲ್ಮ್ ವುಂಟ್. ಮೊದಲ ಪ್ರಯೋಗಾಲಯ ಶುರುವಾದದ್ದು ಎಲ್ಲಿ? ಜರ್ಮನಿಯ ಲೈಪ್‌ಜಿಗ್‌ನಲ್ಲಿ. ಯಾವ ಇಸವಿ? 1879.

ಕೃಷ್ಣಾ ದಂಡೆಯ ಹಿಪ್ಪರಗಿಯ ನಮ್ಮ ಕೇರಿಯಲ್ಲಿ ಸಂಜೆಯಾದರೆ ಈ ಪ್ರಶ್ನೆ ಉತ್ತರಗಳು ಮಗ್ಗಿಯ ಹಾಗೆ ಕೇಳಿಸುತ್ತವೆ. ಹಗಲೆಲ್ಲ ಕಬ್ಬಿನ ಹೊಲದಲ್ಲೋ ರಬಕವಿ-ಬನಹಟ್ಟಿಯ ಮಗ್ಗಗಳ ಮುಂದೋ ದುಡಿದು ಬಂದವರು ಮಾಸ್ತರಿಕೆಯ ಅರ್ಹತಾ ಪರೀಕ್ಷೆಗೆ ಕೂಡಿ ಓದುತ್ತೇವೆ. ನಮ್ಮ ಪಾಲಿಗೆ ಮನೋವಿಜ್ಞಾನವೆಂದರೆ ನೌಕರಿಯ ಮೆಟ್ಟಿಲು. ಅದರಾಚೆ ಆ ವಿಜ್ಞಾನಕ್ಕೂ ನಮಗೂ ಏನು ಸಂಬಂಧ ಅಂತ ನಾವು ಕೇಳಿಕೊಂಡಿರಲಿಲ್ಲ.

ಒಂದು ಸಂಜೆ ಕೇರಿಯ ಅವ್ವ ಒಬ್ಬಳು ಎಂಟು ವರ್ಷದ ಮಗನ ರಟ್ಟೆ ಹಿಡಿದುಕೊಂಡು ನಾವು ಕುಂತಲ್ಲಿಗೇ ಬಂದಳು.

"ಯಪ್ಪಾ, ಸಾಲ್ಯಾಗ ಇವಂಗ ಬುದ್ಧಿ ಕಮ್ಮಿ ಐತಿ ಅಂದಾರ. ಬುದ್ಧಿ ಅಳಿಸ್ಕೊಂಡು ಬಾ ಅಂದಾರ. ನೀವು ದಿನಾ ಅದನ್ನ ಓದಾಕತ್ತೀರಲ್ಲ, ಬುದ್ಧೀನ ಹೆಂಗ ಅಳೀತಾರ ಹೇಳ್ರಿ. ಸೇರಿನ್ಯಾಗ ಅಳೀತಾರೋ, ಮೊಳ ಹಾಕ್ತಾರೋ?"

ಆ ಹುಡುಗ ಹಂಗಾಮಿನ ನಾಲ್ಕು ತಿಂಗಳು ಅವ್ವ ಅಪ್ಪನ ಬೆನ್ನ ಹಿಂದೆ ಕಬ್ಬು ಕಡಿಯುವ ಗ್ಯಾಂಗಿನಲ್ಲಿ ಊರೂರು ತಿರುಗಿ ಬಂದವನು. ದಿನಕ್ಕೆ ಎಷ್ಟು ಹೊರೆ ಕಟ್ಟಿದರು, ಪಡೆದ ಮುಂಗಡದಲ್ಲಿ ಎಷ್ಟು ತೀರಿತು, ಎಷ್ಟು ಉಳಿಯಿತು ಎಂಬ ಲೆಕ್ಕವನ್ನು ಬಾಯಲ್ಲೇ ಹೇಳುತ್ತಾನೆ. ಸಾಲಿಯ ಪುಸ್ತಕ ಮುಂದಿಟ್ಟರೆ ಮಾತ್ರ ನೆಲ ನೋಡುತ್ತಾನೆ. ಆ ಅವ್ವನಿಗೆ ಕೊಡಲು ನಮ್ಮ ಹತ್ತಿರ ಉತ್ತರವಿರಲಿಲ್ಲ. ಹೆಸರುಗಳೂ ಇಸವಿಗಳೂ ಇದ್ದವು, ಅಷ್ಟೇ.

ಅವಳ ಪ್ರಶ್ನೆ ಇಟ್ಟುಕೊಂಡು ನಾವು ಆ ಮೊದಲ ಅಧ್ಯಾಯವನ್ನು ಮತ್ತೆ ಓದಿದೆವು. ಮನೋವಿಜ್ಞಾನದ ಉಗಮ, ಅದರ ಪ್ರಮುಖ ದೃಷ್ಟಿಕೋನಗಳು ಎಂಬ ಈ ಅಧ್ಯಾಯ ಪಿಯುಸಿಯಿಂದ ಬಿ.ಎಡ್.ವರೆಗಿನ ಪುಸ್ತಕಗಳಲ್ಲಿ ಹೆಚ್ಚು ಕಡಿಮೆ ಒಂದೇ ತೆರನಾಗಿದೆ. ಈ ಬರಹ ಯಾವುದೋ ಒಂದು ಪುಸ್ತಕದ ಮೇಲಿನ ಸಿಟ್ಟಲ್ಲ. ಆ ಅಧ್ಯಾಯ ಹೇಳುವ ಕಥೆಯ ವಿಮರ್ಶೆ.

1

ಕಥೆ ಹೀಗಿದೆ. ಗ್ರೀಕರು ಆತ್ಮದ ಬಗ್ಗೆ ಚಿಂತಿಸಿದರು. ವುಂಟ್ ಪ್ರಯೋಗಾಲಯ ತೆಗೆದು ಮನಸ್ಸಿನ ವಿಚಾರವನ್ನು ತತ್ವಶಾಸ್ತ್ರದಿಂದ ಬೇರ್ಪಡಿಸಿದ. ಸಪ್ಪಳ ಕೇಳಿದಾಗ, ಬೆಳಕು ಕಂಡಾಗ ಒಳಗೆ ಏನಾಗುತ್ತದೆಂದು ತರಬೇತಾದವರು ತಮ್ಮನ್ನೇ ನೋಡಿಕೊಂಡು ವರದಿ ಹೇಳಬೇಕಿತ್ತು. ಅವನ ಶಿಷ್ಯ ಟಿಚನರ್ ಅನುಭವವನ್ನು ಬಿಡಿ ಅಂಶಗಳಾಗಿ ಒಡೆದು ನೋಡಿದ, ಅದು ರಚನಾವಾದ. ಅಮೆರಿಕದ ವಿಲಿಯಂ ಜೇಮ್ಸ್ 1890ರ ತನ್ನ ಗ್ರಂಥದಲ್ಲಿ, ಮನಸ್ಸು ಯಾವುದರಿಂದ ಆಗಿದೆ ಎನ್ನುವುದಕ್ಕಿಂತ ಅದು ಬದುಕಿಗೆ ಏನು ಮಾಡಿಕೊಡುತ್ತದೆ ಎಂಬುದನ್ನು ಮುಂದಿಟ್ಟ, ಅದು ಕಾರ್ಯವಾದ. ಫ್ರಾಯ್ಡ್ 1900ರಲ್ಲಿ ಕನಸುಗಳ ಅರ್ಥ ಬಿಡಿಸಿ ಸುಪ್ತ ಮನಸ್ಸಿನ ಬಾಗಿಲು ತೆಗೆದ. ವರ್ಟ್‌ಹೈಮರ್ 1912ರಲ್ಲಿ, ನಾವು ಕಾಣುವುದು ಬಿಡಿಬಿಡಿ ಚೂರುಗಳನ್ನಲ್ಲ, ಇಡಿಯಾದ ಆಕೃತಿಯನ್ನು ಎಂದು ತೋರಿಸಿ ಗೆಸ್ಟಾಲ್ಟ್ ಪಂಥ ಕಟ್ಟಿದ. ವ್ಯಾಟ್ಸನ್ 1913ರಲ್ಲಿ ಮನಸ್ಸಿನ ಮಾತೇ ಬೇಡ, ಕಣ್ಣಿಗೆ ಕಾಣುವ ವರ್ತನೆ ಸಾಕು ಅಂದ. ಆಮೇಲೆ ಮ್ಯಾಸ್ಲೊ, ರೋಜರ್ಸ್ ಅವರ ಮಾನವತಾವಾದ. ಅದಾದ ಮೇಲೆ ಅರಿವು, ನೆನಪು, ತರ್ಕಗಳ ಅಧ್ಯಯನ. ಒಬ್ಬನ ಹಿಂದೆ ಒಬ್ಬ, ಸಂಸ್ಥಾನಿಕರ ವಂಶಾವಳಿ ಇದ್ದಂಗ.

ಈ ಕಥೆ ಸುಳ್ಳಲ್ಲ, ಆದರೆ ಅರ್ಧ ಕಥೆ.

ವುಂಟ್‌ನನ್ನೇ ನೋಡಿ. ಪ್ರಯೋಗಾಲಯದಲ್ಲಿ ಸಿಗುವುದು ಮನಸ್ಸಿನ ಸರಳ ಕ್ರಿಯೆಗಳು ಮಾತ್ರ ಎಂದು ಆ ಪಿತಾಮಹನಿಗೇ ಗೊತ್ತಿತ್ತು. ಮನುಷ್ಯನ ಎತ್ತರದ ವಿಚಾರಗಳು ಹುಟ್ಟುವುದು ಸಮುದಾಯದ ಭಾಷೆ, ಪುರಾಣ, ನಡಾವಳಿಗಳಲ್ಲಿ, ಆದ್ದರಿಂದ ಅವುಗಳನ್ನು ಅಲ್ಲೇ ಹುಡುಕಬೇಕು ಎಂದು 1900ರಿಂದ 1920ರವರೆಗೆ ಹತ್ತು ಸಂಪುಟ ಬರೆದ. ನಮ್ಮ ಪುಸ್ತಕಗಳು 1879ನ್ನು ಬಾಯಿಪಾಠ ಮಾಡಿಸುತ್ತವೆ. ಆ ಹತ್ತು ಸಂಪುಟಗಳಿಗೆ ಒಂದು ಸಾಲು ಕೊಟ್ಟರೆ ಹೆಚ್ಚು. ಯಾಕೆ? ಒಬ್ಬ ಮನುಷ್ಯ, ಒಂದು ಕೋಣೆ, ಒಂದು ಗಡಿಯಾರ ಇದ್ದರೆ ಸಾಕು, ಅದೇ ವಿಜ್ಞಾನ ಎಂದಾಗಿಬಿಟ್ಟರೆ ಊರು ಕೇರಿಗಳ ಪ್ರಶ್ನೆಯೇ ಏಳುವುದಿಲ್ಲ.

ನಮ್ಮ ದೇಶದ ಪುಸ್ತಕಗಳು ಹೆಮ್ಮೆಯಿಂದ ಇನ್ನೊಂದು ಪ್ಯಾರಾ ಸೇರಿಸುತ್ತವೆ. ಎಚ್ಚರ, ಕನಸು, ಗಾಢನಿದ್ರೆಗಳ ವಿಚಾರ ಉಪನಿಷತ್ತಿನಲ್ಲೇ ಇದೆ, ಚಿತ್ತವೃತ್ತಿಯ ವಿಚಾರ ಪತಂಜಲಿಯಲ್ಲೇ ಇದೆ ಅಂತ. ಇರಲಿ, ಇಲ್ಲವೆಂದು ಯಾರು ಹೇಳಿದರು? ಆದರೆ ವೇದ ಕೇಳಿದ ಶೂದ್ರನ ಕಿವಿಗೆ ಕಾಸಿದ ತವರ, ಅರಗು ಹೊಯ್ಯಬೇಕೆಂದು ಗೌತಮ ಧರ್ಮಸೂತ್ರ ಹೇಳಿದ್ದೂ ಈ ನೆಲದಲ್ಲೇ. ಅಂಜಿಕೆಯನ್ನು ತಲೆಮಾರುಗಟ್ಟಲೆ ಮನುಷ್ಯರೊಳಗೆ ಇಳಿಸುವುದು ಹೇಗೆಂಬ ವಿದ್ಯೆ ಅದು. ಭಾರತೀಯ ಮನೋವಿಜ್ಞಾನದ ಚರಿತ್ರೆ ಬರೆಯುವವರು ಆ ಪುಟವನ್ನು ಯಾಕೆ ಹಾರಿಸುತ್ತಾರೆ?

2

ಈಗ ಒಂದು ಇಸವಿಯ ಬಗ್ಗೆ ಹೇಳಬೇಕು. ಪರೀಕ್ಷೆಯಲ್ಲಿ ಕೇಳುವುದಿಲ್ಲ, ಆದರೂ ಹೇಳಬೇಕು. ಆ ಇಸವಿ 1916.

ಅದೇ ವರ್ಷ ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಭಾರತದ ಮೊದಲ ಮನೋವಿಜ್ಞಾನ ವಿಭಾಗ ಶುರುವಾಯಿತು. ಅದೇ ವರ್ಷ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಲೂಯಿಸ್ ಟರ್ಮನ್ ತನ್ನ ಬುದ್ಧಿಮಾಪನ ಪರೀಕ್ಷೆಯನ್ನು ಪ್ರಕಟಿಸಿದ. ಅದೇ ವರ್ಷ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ಇಪ್ಪತ್ತೈದು ವರ್ಷದ ಭೀಮರಾವ್ ಅಂಬೇಡ್ಕರ್ ಭಾರತದ ಜಾತಿಗಳ ಕುರಿತ ತಮ್ಮ ಪ್ರಬಂಧವನ್ನು ಓದಿದರು.

ಆ ಪ್ರಬಂಧವನ್ನು ಸಮಾಜಶಾಸ್ತ್ರದ ಕಪಾಟಿನಲ್ಲಿ ಇಟ್ಟಿದ್ದಾರೆ. ಆದರೆ ಅಲ್ಲಿರುವುದು ಮನಸ್ಸಿನ ಪ್ರಶ್ನೆಯೂ ಹೌದು. ಒಂದು ಗುಂಪು ತನ್ನ ಬಾಗಿಲು ಮುಚ್ಚಿಕೊಂಡಿತು, ಸರಿ. ಉಳಿದವರು ತಾವೂ ಯಾಕೆ ಬಾಗಿಲು ಹಾಕಿಕೊಂಡರು? ಮೇಲಿರುವವರನ್ನು ಕೆಳಗಿರುವವರು ಅನುಕರಿಸುವ ಮನುಷ್ಯ ಸ್ವಭಾವವನ್ನು ಫ್ರೆಂಚ್ ಚಿಂತಕ ತಾರ್ದ್ ವಿವರಿಸಿದ್ದ. ಅಂಬೇಡ್ಕರ್ ಆ ವಿಚಾರ ತಂದು ಜಾತಿ ಹರಡಿದ ಬಗೆಯನ್ನು ಬಿಡಿಸಿದರು. ಇಪ್ಪತ್ತು ವರ್ಷಗಳ ಮೇಲೆ, 1936ರ 'ಜಾತಿ ವಿನಾಶ'ದಲ್ಲಿ, ಜಾತಿ ನೆಲೆಸಿರುವುದು ಮನುಷ್ಯರ ಮನಸ್ಸಿನಲ್ಲಿ, ಕೆಡವಬೇಕಾದದ್ದು ಅಲ್ಲಿ ಎಂದರು.

ಕೊಲಂಬಿಯಾದಲ್ಲಿ ಅವರಿಗೆ ಪಾಠ ಹೇಳಿದವರಲ್ಲಿ ಜಾನ್ ಡ್ಯೂಯಿ ಒಬ್ಬರು. ಈ ಡ್ಯೂಯಿ ಯಾರು? ನಮ್ಮ ಪುಸ್ತಕಗಳ ಮೊದಲ ಅಧ್ಯಾಯದಲ್ಲೇ ಕಾರ್ಯವಾದದ ಹೆಸರುಗಳ ಸಾಲಿನಲ್ಲಿ ಬರುವ ಡ್ಯೂಯಿ. ಅಮೆರಿಕದ ಮನೋವಿಜ್ಞಾನಿಗಳ ಸಂಘಕ್ಕೆ 1899ರಲ್ಲಿ ಅಧ್ಯಕ್ಷರಾಗಿದ್ದವರು. ಗುರುವಿನ ಹೆಸರನ್ನು ಬಾಯಿಪಾಠ ಮಾಡಿಸುತ್ತೀರಿ. ಆ ಗುರುವಿನ ವಿಚಾರವನ್ನು ಈ ನೆಲದ ದೊಡ್ಡ ಗಾಯಕ್ಕೆ ಹಚ್ಚಿ ನೋಡಿದ ಶಿಷ್ಯನ ಹೆಸರು ಮನೋವಿಜ್ಞಾನದ ಪುಸ್ತಕದಲ್ಲಿ ಯಾಕಿಲ್ಲ? ಅಂಬೇಡ್ಕರ್ ಸಂವಿಧಾನದ ಪಾಠದಲ್ಲಿ ಬರುತ್ತಾರೆ, ಜಯಂತಿಯ ಫೋಟೋದಲ್ಲಿ ಬರುತ್ತಾರೆ; ಮನಸ್ಸಿನ ವಿಚಾರ ಬಂದಾಗ ಅವರನ್ನು ಹೊರಗೇ ನಿಲ್ಲಿಸುತ್ತಾರೆ.

ಹೀಗೆ 1916ರಲ್ಲಿ ಎರಡು ದಾರಿಗಳಿದ್ದವು. ಒಂದು ದಾರಿ, ಯಾರಿಗೆ ಎಷ್ಟು ಬುದ್ಧಿ ಎಂದು ಅಳೆಯುವುದು. ಇನ್ನೊಂದು, ಮೇಲು ಕೀಳು ಎಂಬ ಭಾವನೆ ಮನುಷ್ಯರ ಮನಸ್ಸಿನಲ್ಲಿ ಹೇಗೆ ಬೇರು ಬಿಡುತ್ತದೆ ಎಂದು ಕೇಳುವುದು. ನಮ್ಮ ವಿಶ್ವವಿದ್ಯಾಲಯಗಳು ಮೊದಲಿನದನ್ನೇ ಹೆಚ್ಚಾಗಿ ಹಿಡಿದವು. ಮೈಸೂರಿನಲ್ಲಿ 1924ರಲ್ಲಿ ಮನೋವಿಜ್ಞಾನ ವಿಭಾಗ ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ ಕೈಯಲ್ಲಿ ಕಲಿತು ಬಂದವರು. ಎಲ್ಲ ಜಾಣತನದ ಹಿಂದೆ ಒಂದೇ ಸಾಮಾನ್ಯ ಬುದ್ಧಿಶಕ್ತಿ ಇದೆಯೆಂದು 1904ರಲ್ಲಿ ಹೇಳಿದವನೇ ಆ ಸ್ಪಿಯರ್‌ಮನ್. ಗೋಪಾಲಸ್ವಾಮಿಯವರು ಸಣ್ಣ ಮನುಷ್ಯರಲ್ಲ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ನಡೆಸಿದವರು. 'ಆಕಾಶವಾಣಿ' ಎಂಬ ಹೆಸರು ಅಲ್ಲಿಂದ ಬಂತು. ನಮ್ಮ ತಕರಾರು ವ್ಯಕ್ತಿಯ ಮೇಲಲ್ಲ, ಹಿಡಿದ ದಾರಿಯ ಮೇಲೆ.

3

ಈಗ ಆ ಅವ್ವನ ಪ್ರಶ್ನೆಗೆ ಬರೋಣ. ಬುದ್ಧಿಯನ್ನು ಹೇಗೆ ಅಳೆಯುತ್ತಾರೆ?

ಅಳತೆಗೋಲು ಹುಟ್ಟಿದ್ದು ಪ್ಯಾರಿಸಿನಲ್ಲಿ, 1905ರಲ್ಲಿ. ಸಾಲಿಯಲ್ಲಿ ಹಿಂದೆ ಬೀಳುವ ಮಕ್ಕಳನ್ನು ಗುರುತಿಸಿ ಅವರಿಗೆ ಬೇರೆ ರೀತಿಯಲ್ಲಿ ಕಲಿಸುವುದಕ್ಕಾಗಿ ಆಲ್ಫ್ರೆಡ್ ಬಿನೆ, ಸಿಮೋನ್ ಎಂಬವರು ಪ್ರಶ್ನೆಗಳ ಪಟ್ಟಿ ಮಾಡಿದರು. ಬುದ್ಧಿಯೆಂಬುದು ಹುಟ್ಟಿನಿಂದಲೇ ಗೊತ್ತಾದ, ಹೆಚ್ಚಿಸಲಾಗದ ಸರಕು ಎಂಬ ಮಾತನ್ನು ಬಿನೆ ಕಟುವಾಗಿ ವಿರೋಧಿಸಿದ. ಆ ಕೋಲು ಸಮುದ್ರ ದಾಟಿ ಟರ್ಮನ್ ಕೈಗೆ ಹೋದಾಗ ಅರ್ಥ ತಿರುಗಿಬಿಟ್ಟಿತು. ಅಮೆರಿಕದ ಮೂಲನಿವಾಸಿಗಳು, ಮೆಕ್ಸಿಕೋದವರು, ಕರಿಯರು, ಇವರ ಮಕ್ಕಳ ಮಂದತನ ಜನಾಂಗದ್ದೇ ಇರಬೇಕು, ಅವರನ್ನು ಬೇರೆ ತರಗತಿಗಳಲ್ಲಿ ಕೂಡಿಸಬೇಕು, ಅವರಿಂದ ಒಳ್ಳೆ ಕೆಲಸಗಾರರನ್ನು ಮಾಡಬಹುದು ಎಂದು ಟರ್ಮನ್ 1916ರಲ್ಲೇ ಬರೆದ. ಈ ಮಾತು ನಮಗೆ ಹೊಸದೇನು? ನಮ್ಮ ಊರಿನ ಗೌಡರೂ ಕುಲಕರ್ಣಿಗಳೂ ಸ್ಟ್ಯಾನ್‌ಫರ್ಡಿಗೆ ಹೋಗದೆಯೇ ಇದನ್ನು ಹೇಳಿಕೊಂಡು ಬಂದಿದ್ದಾರೆ.

ಅದೇ ಕೋಲು ಹಿಂದೂಸ್ತಾನಕ್ಕೂ ಬಂತು. ಲಾಹೋರಿನ ಮಿಷನ್ ಕಾಲೇಜಿನ ಹರ್ಬರ್ಟ್ ರೈಸ್ ಅದನ್ನು ಹಿಂದೂಸ್ತಾನಿಗೆ ತಂದು 1929ರಲ್ಲಿ ಪುಸ್ತಕ ಮಾಡಿದ. ಪಂಜಾಬಿನ ಕೆಲವು ಜಾತಿಗಳ ಬುದ್ಧಿಯನ್ನು ಹೋಲಿಸಿ ನೋಡುವುದೂ ಆ ಪುಸ್ತಕದ ಶೀರ್ಷಿಕೆಯಲ್ಲೇ ಇತ್ತು. ನಮ್ಮ ಕಡೆಗೆ, ಅಂದರೆ ಆಗಿನ ಮುಂಬಯಿ ಕರ್ನಾಟಕಕ್ಕೆ, ತಂದವರು ವಿ.ವಿ. ಕಾಮತರು. ಟರ್ಮನ್‌ನ ಪರೀಕ್ಷೆಯನ್ನು 1930ರ ದಶಕದಲ್ಲಿ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದರು. 1940ರಲ್ಲಿ ಅದು ಪುಸ್ತಕವಾಗಿ ಬಂತು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ದೇಶದ ಹಲವು ಕಡೆ ಈಗಲೂ ಬಳಕೆಯಲ್ಲಿದೆ. ಇಂಗ್ಲಿಷಿನ ಪ್ರಶ್ನೆಗಳನ್ನು ಹಂಗೇ ಮಕ್ಕಳ ಮುಂದೆ ಒಗೆಯದೆ ಕನ್ನಡದ ಕೂಸುಗಳನ್ನು ಕನ್ನಡದಲ್ಲಿ ಕೇಳಬೇಕೆಂದು ಅಷ್ಟು ಹಿಂದೆಯೇ ದುಡಿದದ್ದು ದೊಡ್ಡ ಕೆಲಸ. ನಿಜವಾಗಿ ಬುದ್ಧಿ ಬೆಳವಣಿಗೆ ಕುಂಠಿತವಾದ ಎಷ್ಟೋ ಮಕ್ಕಳಿಗೆ ಸರಕಾರದ ನೆರವು ಸಿಗಲು ಇಂಥ ಪರೀಕ್ಷೆ ದಾರಿಯಾಗಿದೆ. ಇದನ್ನು ಒಪ್ಪದಿದ್ದರೆ ನಮ್ಮ ವಿಮರ್ಶೆ ಬರೀ ಬೈಗುಳವಾಗುತ್ತದೆ.

ಆದರೂ ಕೇಳಲೇಬೇಕಾದ ಮಾತುಗಳಿವೆ. ಇದೇ ಮುಂಬಯಿ ಕರ್ನಾಟಕದ ಧಾರವಾಡದಲ್ಲಿ 1856ರಲ್ಲಿ ಒಬ್ಬ ಮಹಾರ್ ಹುಡುಗ ಸರಕಾರಿ ಸಾಲಿಗೆ ಸೇರಿಸಿಕೊಳ್ಳಿರೆಂದು ಅರ್ಜಿ ಕೊಟ್ಟ. ಅವನು ಬಂದರೆ ಉಳಿದವರು ಸಾಲಿ ಬಿಟ್ಟಾರೆಂದು ಸರಕಾರ ಬಾಗಿಲು ತೆಗೆಯಲಿಲ್ಲ. ಆ ಹುಡುಗನಿಗೆ ಬುದ್ಧಿ ಎಷ್ಟಿದೆ ಎಂದು ಆಗ ಯಾರೂ ಅಳೆಯಲಿಲ್ಲ. ಅಳೆಯುವ ಅಗತ್ಯವೇ ಇರಲಿಲ್ಲ, ಜಾತಿಯೊಂದೇ ಸಾಕಾಗಿತ್ತು. ಮೊದಲು ಅಕ್ಷರದ ಬಾಗಿಲು ಹಾಕಿದರು. ತಲೆಮಾರುಗಳಾದ ಮೇಲೆ ಬಾಗಿಲು ತೆರೆದು, ಒಳಗೆ ಬಂದ ಮಕ್ಕಳ ಕೈಗೆ ಅಕ್ಷರಸ್ಥರ ಮನೆಯಲ್ಲಿ ಬೆಳೆದವರಿಗೆ ಒಗ್ಗುವ ಪ್ರಶ್ನೆ ಕೊಟ್ಟರು. ಉತ್ತರ ಬಾರದಿದ್ದಾಗ ಬುದ್ಧಿ ಕಮ್ಮಿ ಅಂದರು.

ಟರ್ಮನ್‌ನ ಪರೀಕ್ಷೆಯಲ್ಲಿ ಆರು ವರ್ಷದ ಮಕ್ಕಳಿಗೆ ಒಂದು ಪ್ರಶ್ನೆಯಿತ್ತು: ಸಾಲಿಗೆ ಹೊರಟಾಗ ಮಳೆ ಬಂದರೆ ಏನು ಮಾಡಬೇಕು? ಕೊಡೆ ತೊಗೊಂಡು ಹೋಗ್ತೀನಿ ಎಂಬಂಥ ಉತ್ತರಕ್ಕೆ ಅಂಕ. ಕೊಡೆಯಿಲ್ಲದ ಮನೆಯ ಕೂಸು, "ಮಾಳಗಿ ಸೋರತೈತ್ರಿ, ಅವ್ವನ ಜೋಡಿ ಬೋಗಾಣಿ ಇಡ್ತೀನಿ" ಅಂದರೆ? ಆ ಕೂಸಿನ ಬುದ್ಧಿ ಯಾವ ಕಾಲಂನಲ್ಲಿ ಬರೀತೀರಿ? ಐದು ವರ್ಷದ ಮಕ್ಕಳಿಗೆ ಎರಡೆರಡು ಮುಖಗಳ ಚಿತ್ರ ತೋರಿಸಿ ಚಂದದ ಮುಖ ಯಾವುದು ಎಂದೂ ಕೇಳುತ್ತಿದ್ದರು. ಚಂದ ಯಾವುದೆಂದು ಮೊದಲೇ ತೀರ್ಮಾನಿಸಿದವರ ಉತ್ತರಕ್ಕೆ ಮಗುವಿನ ಉತ್ತರ ತಾಳೆಯಾದರೆ ಬುದ್ಧಿ ಇದೆ ಎಂದರ್ಥ. ಚಂದವನ್ನು ಬುದ್ಧಿಯ ಅಳತೆಗೆ ಹಚ್ಚಿದ ಈ ಜಾಣತನವನ್ನು ಮೆಚ್ಚಲೇಬೇಕು!

ಅಳತೆಯ ಆಟ ಇಲ್ಲಿಗೇ ಮುಗಿಯಲಿಲ್ಲ. ಹಳ್ಳಿಯ ಮನೆಗಳ ಸಾಮಾಜಿಕ ಸ್ಥಾನ ಅಳೆಯಲು ಉದಯ್ ಪಾರೀಕ್ ಮತ್ತು ತ್ರಿವೇದಿ 1964ರಲ್ಲಿ ಒಂದು ಮಾಪಕ ಮಾಡಿದರು. ಅದರಲ್ಲಿ ಜಾತಿಗೂ ಅಂಕವಿದೆ. ಪರಿಶಿಷ್ಟ ಜಾತಿಗೆ 1, ಪ್ರಬಲ ಜಾತಿಗೆ 6. ಪೇಟೆಯ ಮನೆಗಳಿಗಾಗಿ ಮನಃಶಾಸ್ತ್ರಜ್ಞ ಬಿ. ಕುಪ್ಪುಸ್ವಾಮಿಯವರು ಮಾಡಿದ 1976ರ ಮಾಪಕದಲ್ಲಿ ಓದು, ಉದ್ಯೋಗ, ಆದಾಯ, ಈ ಮೂರೇ ಇವೆ. ಜಾತಿಯ ಕಾಲಂ ಇಲ್ಲ. ಅಂದರೆ ನಾವು ಹಿಪ್ಪರಗಿಯಲ್ಲಿದ್ದಾಗ ಒಂದು ಅಂಕದವರು. ಬಸ್ಸು ಹತ್ತಿ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಿ ಇಳಿದರೆ ನಮ್ಮ ಜಾತಿ ಮಾಯ! ಅಲ್ಲಿ ಬಾಡಿಗೆ ಮನೆ ಕೇಳಿ ನೋಡಿದವರಿಗೆ ಅದು ಎಷ್ಟು ಮಾಯವಾಗಿದೆ ಎಂದು ಗೊತ್ತು. ಹಳ್ಳಿಯ ಮಾಪಕ ಇರುವುದನ್ನು ಇದ್ದಂತೆ ಬರೆದುಕೊಂಡಿತು ಎನ್ನಬಹುದು. ಆದರೆ ಆ ಒಂದು, ಆ ಆರು ಮನುಷ್ಯರ ಒಳಗೆ ಏನು ಮಾಡುತ್ತವೆ? ಮಾಪಕ ಅದನ್ನು ಕೇಳುವುದಿಲ್ಲ. ಮನೋವಿಜ್ಞಾನದ ಕೆಲಸ ಅಲ್ಲಿಂದಲೇ ಶುರುವಾಗಬೇಕಿತ್ತು.

4

ಹಾಗಾದರೆ ಈ ಪಂಥಗಳನ್ನೆಲ್ಲ ಕೃಷ್ಣಾ ನದಿಗೆ ಒಗೆಯಬೇಕೇ? ಬ್ಯಾಡ. ಯಾವುದು ನಮಗೆ ಆಯುಧ, ಯಾವುದು ನಮ್ಮ ಮೇಲಿನ ಆಯುಧ ಎಂದು ಬೇರೆ ಮಾಡಿಕೊಳ್ಳಬೇಕು.

ವರ್ತನಾವಾದ ತೊಗೊಳ್ಳಿ. ವ್ಯಾಟ್ಸನ್ ಮತ್ತು ಅವನ ಸಹಾಯಕಿ ರೇನರ್ 1920ರಲ್ಲಿ ಒಂದು ಹಸುಗೂಸಿನ ಮೇಲೆ ಪ್ರಯೋಗ ಮಾಡಿದರು. ಬಿಳಿ ಇಲಿಯನ್ನು ಕಂಡರೆ ಆ ಕೂಸಿಗೆ ಅಂಜಿಕೆಯಿರಲಿಲ್ಲ. ಇಲಿ ತೋರಿಸಿದಾಗಲೆಲ್ಲ ಹಿಂದಿನಿಂದ ಕಬ್ಬಿಣದ ಸರಳು ಬಡಿದು ಅಂಜಿಸಿದರು. ಕೆಲವು ದಿನಗಳಲ್ಲಿ ಕೂಸು ಇಲಿ ಕಂಡರೆ ಚೀರತೊಡಗಿತು. ಮೊಲ ಕಂಡರೂ, ತುಪ್ಪಳದ ಅಂಗಿ ಕಂಡರೂ ಅಂಜಿತು. ಕೂಸಿನ ತಾಯಿ ಅದೇ ಆಸ್ಪತ್ರೆಯಲ್ಲಿ ಬೇರೆಯವರ ಮಕ್ಕಳಿಗೆ ಹಾಲೂಡುವ ಕೆಲಸದವಳು. ಬಡವಿಯ ಕೂಸಿಗೆ ಅಂಜಿಕೆ ಕಲಿಸಿ, ಬಿಡಿಸದೆ ಕಳಿಸಿದರು. ಈ ಕ್ರೌರ್ಯವನ್ನು ನಾವು ಮರೆಯುವುದಿಲ್ಲ.

ಆದರೆ ಆ ಪ್ರಯೋಗ ನಮಗೊಂದು ಸತ್ಯವನ್ನೂ ಕೊಟ್ಟಿದೆ. ಅಂಜಿಕೆ, ಅಸಹ್ಯ ಹುಟ್ಟಿನಿಂದ ಬರಬೇಕಿಲ್ಲ, ಕಲಿಸಿದರೆ ಬರುತ್ತವೆ. ಮೇಲಿನ ಓಣಿಯ ಕೂಸು ನಮ್ಮ ಕೂಸಿನ ಜೋಡಿ ಮಣ್ಣಾಡುವಾಗ "ಏ, ಮುಟ್ಟಬ್ಯಾಡೋ" ಎಂದು ಹಿಂದಿನಿಂದ ಬರುವ ಕೂಗು ಆ ಕಬ್ಬಿಣದ ಸರಳಿನ ಸಪ್ಪಳವೇ. ಚಾದಂಗಡಿಯಲ್ಲಿ ಬೇರೆ ಇಟ್ಟ ಕಪ್ಪು, ಗುಡಿಯ ಹೊರಗಿನ ಗೆರೆ, ಎತ್ತರದಿಂದ ಸುರಿಯುವ ನೀರು ಎಲ್ಲ ಅದೇ ಪಾಠವನ್ನು ದಿನವೂ ಮತ್ತೆ ಮತ್ತೆ ಕಲಿಸುತ್ತವೆ. ಮೇರಿ ಕವರ್ ಜೋನ್ಸ್ ಎಂಬ ಹೆಣ್ಣುಮಗಳು 1924ರಲ್ಲಿ ಮೊಲಕ್ಕೆ ಅಂಜುತ್ತಿದ್ದ ಒಂದು ಹುಡುಗನ ಅಂಜಿಕೆಯನ್ನು ಮೆಲ್ಲಮೆಲ್ಲಗೆ ಬಿಡಿಸಿ ತೋರಿಸಿದಳು. ತಿನಿಸು ಕೊಡುತ್ತಾ, ಮೊಲವನ್ನು ದಿನಕ್ಕಿಷ್ಟು ಹತ್ತಿರ ತರುತ್ತಾ. ಕಲಿಸಿದ್ದನ್ನು ಬಿಡಿಸಲೂ ಬರುತ್ತದೆ. ಹಾಗಿದ್ದ ಮೇಲೆ ಅಸ್ಪೃಶ್ಯತೆಯ ಅಸಹ್ಯವನ್ನು ಬಿಡಿಸುವುದು ಹೇಗೆಂಬುದು ಮನೋವಿಜ್ಞಾನದ ಪಠ್ಯದಲ್ಲಿ ಪಾಠವಾಗಿ ಯಾಕೆ ಬರುವುದಿಲ್ಲ? ರೋಗ ಮುಟ್ಟಿಸಿಕೊಳ್ಳದವರಲ್ಲಿದೆ, ಪರೀಕ್ಷೆ ಮಾತ್ರ ಯಾವಾಗಲೂ ನಮಗೆ!

ಮನೋವಿಶ್ಲೇಷಣೆಗೆ ಬರೋಣ. ಕಲ್ಕತ್ತೆಯಲ್ಲಿ ಗಿರೀಂದ್ರಶೇಖರ ಬೋಸರು 1922ರಲ್ಲೇ ಅದಕ್ಕೊಂದು ಸಂಘ ಕಟ್ಟಿದರು. ಕನ್ನಡದ ಸಾಮಾನ್ಯ ಓದುಗರಿಗೆ ಮನೋರೋಗಗಳ ಲೋಕವನ್ನು ತಿಳಿಗನ್ನಡದಲ್ಲಿ ತೋರಿಸಿದವರು 'ಕೊರವಂಜಿ'ಯ ಡಾ. ಎಂ. ಶಿವರಾಂ, ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ದೆವ್ವ ಹಿಡಿದಿದೆ ಎಂದು ಬೇವಿನ ಬರಲಿನಿಂದ ಬಡಿಯುತ್ತಿದ್ದ ಕಾಲದಲ್ಲಿ, ಇದು ರೋಗ, ಇದಕ್ಕೆ ಮದ್ದಿದೆ ಎಂದು ಕನ್ನಡದಲ್ಲಿ ಹೇಳಿದ್ದು ಉಪಕಾರವೇ.

ಸಾಹಿತ್ಯದಲ್ಲಿ ಆದದ್ದು ಬೇರೆ. ನಮ್ಮ ನವ್ಯರು ಫ್ರಾಯ್ಡನನ್ನು ಓದಿ ಸುಪ್ತಮನಸ್ಸಿನ ಬಾವಿಗೆ ಇಳಿದರು. ಯಾರ ಮನಸ್ಸಿನ ಬಾವಿಗೆ? ಅನಂತಮೂರ್ತಿಯವರ 'ಸಂಸ್ಕಾರ' 1965ರಲ್ಲಿ ಬಂದಾಗ ಅಗ್ರಹಾರ ನಡುಗಿತು, ಅದು ಸತ್ಯ. ಆ ಕಾದಂಬರಿಯ ಧೈರ್ಯವನ್ನು ಅಲ್ಲಗಳೆಯಲಾರೆವು. ಆದರೆ ಅಲ್ಲಿ ಮನಸ್ಸೆಂಬುದು ಪೂರಾ ಬಿಚ್ಚಿಕೊಳ್ಳುವುದು ಪ್ರಾಣೇಶಾಚಾರ್ಯರಿಗೆ. ಹೊಲಗೇರಿಯ ಬೆಳ್ಳಿಗೆ ಮೈ ಇದೆ. ಅವಳ ಅವ್ವ ಅಪ್ಪ ಸಾಯುತ್ತಾರೆ, ಗುಡಿಸಲು ಸುಡುತ್ತದೆ. ಅವಳೊಳಗೆ ಏನು ಸುಟ್ಟಿತೆಂದು ನೋಡಲು ಕಾದಂಬರಿ ನಿಲ್ಲುವುದಿಲ್ಲ. ಮೇಲ್ಜಾತಿಯವನಿಗೆ ಸುಪ್ತಮನಸ್ಸು, ಕೇರಿಯವಳಿಗೆ ಬರೀ ಮೈ. ಇದು ಒಬ್ಬ ಲೇಖಕನ ತಪ್ಪಲ್ಲ, ಒಂದು ಕಾಲದ ಕಣ್ಣಿನ ದೋಷ. ಆಮೇಲೆ ದೇವನೂರ ಮಹಾದೇವರ 'ಒಡಲಾಳ'ದಲ್ಲಿ ಸಾಕವ್ವ ಕಳೆದುಹೋದ ಹುಂಜಕ್ಕಾಗಿ ಕೇರಿಯೆಲ್ಲ ಅಲೆದಾಗ ನಮಗೆ ಗೊತ್ತಾಯಿತು, ಕೇರಿಯ ಮುದುಕಿಗೂ ಪಾತಾಳದಷ್ಟು ಆಳದ ಮನಸ್ಸಿದೆ, ಅಲ್ಲಿಯೂ ಕನಸು, ಸಿಟ್ಟು, ಹಟ, ನಗೆ ಎಲ್ಲ ಇವೆ ಎಂದು. ನಮ್ಮ ಮನಸ್ಸಿನ ಸತ್ಯವನ್ನು ಮನೋವಿಜ್ಞಾನದ ವಿಭಾಗಗಳಿಗಿಂತ ಮೊದಲು ದಲಿತ ಬರಹ ಬಿಚ್ಚಿಟ್ಟಿತು.

ಇನ್ನು ಮ್ಯಾಸ್ಲೊ. ಅವನು 1943ರಲ್ಲಿ ಮನುಷ್ಯನ ಬೇಡಿಕೆಗಳನ್ನು ಸಾಲಾಗಿ ಜೋಡಿಸಿದ. ಮೊದಲು ಹಸಿವು ನೀರಡಿಕೆ, ಆಮೇಲೆ ಭದ್ರತೆ, ಆಮೇಲೆ ಪ್ರೀತಿ, ಆಮೇಲೆ ಗೌರವ, ಕೊನೆಗೆ ತನ್ನನ್ನು ತಾನು ಅರಳಿಸಿಕೊಳ್ಳುವುದು. ಪುಸ್ತಕಗಳು ಇದನ್ನು ಮೆಟ್ಟಿಲಿನ ಚಿತ್ರ ಮಾಡಿ ತೋರಿಸುತ್ತವೆ. ಮೇಲ್ನೋಟಕ್ಕೆ ನಮ್ಮ ಪರವಾಗಿಯೇ ಇದೆ, ಹಸಿದವನಿಗೆ ಮೊದಲು ಅನ್ನ ಕೊಡಿರಿ ಅಂತ. ಆದರೆ 1927ರ ಮಾರ್ಚ್ 20ರಂದು ಮಹಾಡದಲ್ಲಿ ಏನು ನಡೆಯಿತು? ಹೊಟ್ಟೆ ತುಂಬಿದವರು ಗೌರವ ಕೇಳಲು ಹೋದದ್ದಲ್ಲ ಅದು. ಅರೆಹೊಟ್ಟೆಯ ಸಾವಿರಾರು ಜನ ಅಂಬೇಡ್ಕರರ ಹಿಂದೆ ನಡೆದು ಚವದಾರ್ ಕೆರೆಯ ನೀರು ಮುಟ್ಟಿದರು. ಅವರಿಗೆ ಬೇಕಾಗಿದ್ದದ್ದು ನೀರೋ ಮರ್ಯಾದೆಯೋ? ಎರಡೂ ಒಂದೇ ಬೊಗಸೆಯಲ್ಲಿದ್ದವು. ಮೊದಲು ಹೊಟ್ಟೆ, ಆಮೇಲೆ ಮರ್ಯಾದೆ ಎಂಬ ಮೆಟ್ಟಿಲು ನಮ್ಮ ಚರಿತ್ರೆಯಲ್ಲಿ ನಿಲ್ಲುವುದಿಲ್ಲ. ಮಾಸ್ತರಿಕೆಯ ಪರೀಕ್ಷೆಯಲ್ಲಿ ಮಾತ್ರ ನಾವು ಆ ಮೆಟ್ಟಿಲು ಬರೆದೇ ಅಂಕ ತೊಗೋಬೇಕು.

5

ಬೇರೆ ಬಗೆಯ ಮನೋವಿಜ್ಞಾನ ಸಾಧ್ಯವಿಲ್ಲವೇ? ಸಾಧ್ಯವಿದೆ, ನಡೆದೂ ಇದೆ.

ಅಮೆರಿಕದ ಕರಿಯ ದಂಪತಿ ಕೆನೆತ್ ಕ್ಲಾರ್ಕ್ ಮತ್ತು ಮೇಮಿ ಕ್ಲಾರ್ಕ್ 1940ರ ಹೊತ್ತಿಗೆ ಪುಟ್ಟ ಮಕ್ಕಳ ಮುಂದೆ ಕರಿ ಗೊಂಬೆ, ಬಿಳಿ ಗೊಂಬೆ ಇಟ್ಟು ಚಲೋ ಗೊಂಬೆ ಯಾವುದು ಎಂದು ಕೇಳಿದರು. ಕರಿಯ ಮಕ್ಕಳಲ್ಲಿ ಹೆಚ್ಚಿನವರು ಬಿಳಿಯದನ್ನು ತೋರಿಸಿದರು. ಟರ್ಮನ್ ಆಗಿದ್ದರೆ ಮಕ್ಕಳ ಬುದ್ಧಿಯನ್ನು ಅಳೆಯುತ್ತಿದ್ದ. ಕ್ಲಾರ್ಕ್ ದಂಪತಿ ಆ ಮಕ್ಕಳೊಳಗೆ ಸಮಾಜ ಮಾಡಿದ ಗಾಯವನ್ನು ಅಳೆದರು. ಬಿಳಿಯರಿಗೆ ಬೇರೆ ಸಾಲಿ, ಕರಿಯರಿಗೆ ಬೇರೆ ಸಾಲಿ ಎಂಬುದು ಸಂವಿಧಾನಕ್ಕೆ ವಿರುದ್ಧ ಎಂದು 1954ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಾಗ ಕ್ಲಾರ್ಕರ ಕೆಲಸವನ್ನೂ ಉಲ್ಲೇಖಿಸಿತು. ಪ್ರಶ್ನೆ ತಿರುಗಿಸಿ ಕೇಳಿದರೆ ವಿಜ್ಞಾನ ಯಾರ ಪರ ನಿಲ್ಲಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

ನಮ್ಮ ದೇಶದ್ದೇ ಇನ್ನೊಂದು ಸಾಕ್ಷಿಯಿದೆ. ಕಾರ್ಲಾ ಹಾಫ್, ಪ್ರಿಯಾಂಕಾ ಪಾಂಡೆ ಎಂಬ ಇಬ್ಬರು ಸಂಶೋಧಕಿಯರು ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಆರು, ಏಳನೆಯ ತರಗತಿಯ ಆರುನೂರಕ್ಕೂ ಹೆಚ್ಚು ಹುಡುಗರಿಗೆ ಕಾಗದದ ಮೇಲೆ ಚಕ್ರವ್ಯೂಹದ ದಾರಿ ಬಿಡಿಸಲು ಕೊಟ್ಟರು. ಬಿಡಿಸಿದ್ದಕ್ಕೆ ದುಡ್ಡು. ಅರ್ಧದಷ್ಟು ಮೇಲ್ಜಾತಿಯವರು, ಅರ್ಧದಷ್ಟು ಅಸ್ಪೃಶ್ಯರೆನಿಸಿಕೊಂಡವರು. ಯಾರ ಜಾತಿ ಯಾವುದೆಂದು ಹೇಳದೆ ಬಿಡಿಸಲು ಕೊಟ್ಟಾಗ ಎರಡೂ ಗುಂಪು ಸರಿಸಮ. ಎಲ್ಲರೆದುರು ಹೆಸರು, ಜಾತಿ ಕೂಗಿ ಹೇಳಿ ಅದೇ ಕೆಲಸ ಕೊಟ್ಟಾಗ ದಲಿತ ಹುಡುಗರು ಬಿಡಿಸಿದ ವ್ಯೂಹಗಳು ಇಳಿದುಹೋದವು. ಇದು 2004ರಲ್ಲಿ ಹೊರಬಂದ ಅಧ್ಯಯನ. ಮಾಡಿದ್ದು ಅರ್ಥಶಾಸ್ತ್ರದ ಹಿನ್ನೆಲೆಯವರು, ಮನೋವಿಜ್ಞಾನದ ವಿಭಾಗಗಳಲ್ಲ; ಇದನ್ನೂ ಗಮನಿಸಬೇಕು.

ಗೆಳೆಯರೇ, ಒಂದು ನಿಮಿಷ ಯೋಚಿಸಿ. ಹುಡುಗರು ಅದೇ ವಯಸ್ಸಿನವರು, ಅದೇ ಹಳ್ಳಿಯವರು, ಕಾಗದವೂ ಅದೇ. ನಡುವೆ ಬದಲಾದದ್ದು ಒಂದು ಕೂಗು ಮಾತ್ರ. ಹಾಗಾದರೆ ಅಳತೆಗೋಲು ಅಳೆದದ್ದು ಹುಡುಗನ ಬುದ್ಧಿಯನ್ನೋ, ಆ ಕೂಗಿನ ಭಾರವನ್ನೋ? ತರಗತಿಯಲ್ಲಿ "ಸ್ಕಾಲರ್‌ಶಿಪ್ಪಿನವರು ಎದ್ದು ನಿಲ್ರಿ" ಎಂದಾಗ ಎದ್ದು ನಿಂತವರಿಗೆ ಈ ಲೆಕ್ಕ ತಿಳಿಯುತ್ತದೆ. ನಿಂತವರ ಮೊಣಕಾಲಿಗೆ ಅದು ಗೊತ್ತು.

ಆ ಅವ್ವನಿಗೆ ನಾವು ಕೊಟ್ಟ ಉತ್ತರ ಹೇಳಿ ಮುಗಿಸುತ್ತೇವೆ. ಎರಡು ವಾರದ ಮೇಲೆ ಅವಳ ಮನೆಗೇ ಹೋದೆವು. "ಚಿಗವ್ವಾ, ಬುದ್ಧಿ ಅಳಿಯೂದಕ್ಕ ಸೇರಿಲ್ಲ, ಮೊಳಾನೂ ಇಲ್ಲ. ಕೆಲವು ಪ್ರಶ್ನೆ ಕೇಳ್ತಾರ, ಅವಕ್ಕ ಹೇಳಿದ ಉತ್ತರ ಅಳೀತಾರ. ಮೊದಲ ಇವನ ಕಣ್ಣು, ಕಿವಿ ತೋರಸೂಣು. ನಾಕ ತಿಂಗಳ ಪಾಠ ತಪ್ಪೇತಿ, ಅದನ್ನ ಕೂಡಿಸಿ ಹೇಳಿಕೊಡ್ರಿ ಅಂತ ಸಾಲ್ಯಾಗ ಕೇಳೂಣು. 2009ರ ಶಿಕ್ಷಣ ಹಕ್ಕಿನ ಕಾಯ್ದೆ ನಮ್ಮ ಕಡೀಗೈತಿ. ಆಮ್ಯಾಲೂ ಪರೀಕ್ಷೆ ಬೇಕಂದ್ರ ಮಾಡಿಸೂಣು, ಅಂಜೂದು ಬ್ಯಾಡ. ಆದ್ರ ಅವನ ಮಾತಿನ್ಯಾಗ ಕೇಳ್ಬೇಕು, ಬಂದ ಅಂಕಿ ಏನು ಹೇಳತೈತಿ, ಏನು ಹೇಳೂದಿಲ್ಲ ಅನ್ನೂದನ್ನ ನಮಗ ಬಿಡಿಸಿ ಹೇಳ್ಬೇಕು."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ನನ್ನ ಮಗಾ ದಡ್ಡ ಅಂತ ಅಂದವರ ಬುದ್ಧಿ ಯಾರರ ಅಳದಾರೇನ್ರಪಾ?"

ಮನೋವಿಜ್ಞಾನದ ಚರಿತ್ರೆ ಬರೆಯುವವರು ಮುಂದಿನ ಅಧ್ಯಾಯವನ್ನು ಈ ಪ್ರಶ್ನೆಯಿಂದ ಶುರುಮಾಡಲಿ. ನಾವು ಪರೀಕ್ಷೆ ಬರೆಯುತ್ತೇವೆ, ಮಾಸ್ತರರೂ ಆಗುತ್ತೇವೆ. 1879 ಎಂದು ಹಲಗೆಯ ಮೇಲೆ ಬರೆಯುತ್ತೇವೆ. ಅದರ ಪಕ್ಕದಲ್ಲಿ 1856 ಮತ್ತು 1916 ಎಂದೂ ಬರೆಯುತ್ತೇವೆ.